ವೂಯಿ ಪರ್ವತದ ಧೂಮರಹಿತ ಚಹ: ಸ್ವಭಾವ ಸಂಸ್ಕಾರಗಳ ವಿಚಾರ

ತರ್ಕಶಾಸ್ತ್ರದ ವಿದ್ಯಾರ್ಥಿಗೆ ಮೊದಲು ಪರಿಚಯವಾಗುವ ವಸ್ತುಗಳು ಮೂರು: ಪರ್ವತ, ಧೂಮ, ವಹ್ನಿ. ಹೊಗೆಯಿರುವಲ್ಲಿ ಬೆಂಕಿಯುಂಟೆಂಬುದು ಸದ್ಧೇತು. ಬೆಂಕಿಯಿರುವಲ್ಲೆಲ್ಲ ಹೊಗೆಯುಂಟೆಂಬುದು ದುಷ್ಟಹೇತು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೊಗೆ ಹುಟ್ಟಬೇಕಾದರೆ ಹಸಿಸೌದೆಯ ಸಂಬಂಧ ಬೇಕು. ಈ ಆರ್ದ್ರೇಂಧನಸಂಯೋಗವನ್ನೇ ನೈಯಾಯಿಕರು ಉಪಾಧಿಯೆಂದು ಕರೆದರು. ಚೀನಾದೇಶದ ವೂಯಿ ಪರ್ವತದಲ್ಲಿ ಹುಟ್ಟುವ ಒಂದು ಚಹದ ಚರಿತ್ರೆಯನ್ನು ಪರಿಶೀಲಿಸಿದರೆ ಪಾಠಶಾಲೆಯ ಈ ಉದಾಹರಣೆ ಅಲ್ಲಿ ಅಕ್ಷರಶಃ ಅನ್ವಯಿಸುವುದು ಕಂಡುಬರುತ್ತದೆ.

ಆ ಚಹಕ್ಕೆ ಚೀನೀಯರು ಇಟ್ಟ ಹೆಸರು ಝೆಂಗ್‌ಶಾನ್ ಶಿಯಾವೊಝೊಂಗ್; ಐರೋಪ್ಯ ವ್ಯಾಪಾರಿಗಳಲ್ಲಿ ಅದು ಲಾಪ್ಸಾಂಗ್ ಸೂಚೊಂಗ್ ಎಂದು ಪ್ರಸಿದ್ಧವಾಯಿತು. ಅದರ ಜನ್ಮಸ್ಥಾನ ಫುಜಿಯಾನ್ ಪ್ರಾಂತದ ವಾಯವ್ಯದಲ್ಲಿ, ವೂಯಿ ಪರ್ವತಶ್ರೇಣಿಯ ಒಳಗಿರುವ ತೊಂಗ್‌ಮು ಗ್ರಾಮ. ಲೋಕವು ಈ ಚಹವನ್ನು ಗುರುತಿಸುವುದು ಪೈನ್ ಮರದ ಹೊಗೆಯ ವಾಸನೆಯಿಂದ. ಆದುದರಿಂದ ಅದೇ ಗ್ರಾಮದಿಂದ ಹೊಗೆ ಹಾಕದ ಚಹವು ಪೇಟೆಗೆ ಬಂದಾಗ, ಇದು ಲಾಪ್ಸಾಂಗ್ ಆಗಲಾರದೆಂಬ ಆಕ್ಷೇಪ ಹುಟ್ಟಿದುದು ಸಹಜವೇ. ಹೊಗೆಯು ಈ ಚಹದ ಸ್ವಭಾವವೋ, ಸಂಸ್ಕಾರದಿಂದ ಬಂದ ಆಗಂತುಕಗುಣವೋ ಎಂಬುದೇ ಪ್ರಕೃತ ವಿಚಾರ.

ಮೊದಲು ಹೆಸರಿನ ಸಾಕ್ಷ್ಯವನ್ನು ನೋಡಬೇಕು. ‘ಝೆಂಗ್‌ಶಾನ್’ ಎಂದರೆ ನಿಜವಾದ ಬೆಟ್ಟ. ‘ಶಿಯಾವೊಝೊಂಗ್’ ಎಂದರೆ ಸಣ್ಣ ತಳಿ. ಮೊದಲನೆಯ ಪದವು ದೇಶವನ್ನೂ ಎರಡನೆಯದು ಗಿಡವನ್ನೂ ಹೇಳುವುವು. ಹೊಗೆಯನ್ನು ಹೇಳುವ ಪದವು ಇದರಲ್ಲಿಲ್ಲ. ಇದಕ್ಕೆ ಪ್ರತಿಯಾಗಿ ಆಚೆಯ ತೋಟಗಳ ಎಲೆಗೆ ‘ವಾಯ್‌ಶಾನ್’, ಎಂದರೆ ಹೊರಬೆಟ್ಟದ್ದು, ಎಂಬ ವ್ಯವಹಾರವುಂಟು. ಹದಿನೆಂಟನೆಯ ಶತಮಾನದ ವಾಣಿಜ್ಯದಲ್ಲಿ ಪ್ರಚುರವಾಗಿದ್ದ ‘ಬೊಹೀ’ ಎಂಬ ಶಬ್ದವೂ ವೂಯಿ ಎಂಬುದರ ದಕ್ಷಿಣ ಫುಜಿಯಾನಿನ ಉಚ್ಚಾರಣೆಯಿಂದಲೇ ಬಂದುದು. 1773ರಲ್ಲಿ ಅಮೆರಿಕದ ಬೋಸ್ಟನ್ ಬಂದರಿನಲ್ಲಿ ವಸಾಹತಿನವರು ನೀರಿಗೆಸೆದ ಸುಮಾರು 340 ಪೆಟ್ಟಿಗೆಗಳಲ್ಲಿ ಹೆಚ್ಚಿನವು ಬೊಹೀ ಚಹದವೇ. ಆ ಕಡಲತೀರದವರ ‘ತೆ’ ಎಂಬುದು ಡಚ್ಚರ ಮೂಲಕ ಹರಡಿ ‘ಟೀ’ ಆಯಿತು. ಚೀನಾದ ಇತರ ಬಹುಭಾಗಗಳ ‘ಚಾ’ ಎಂಬುದು ‘ಚಹ’ವಾಯಿತು. ಕನ್ನಡದಲ್ಲಿ ಈ ಎರಡೂ ರೂಪಗಳು ಬಳಕೆಯಲ್ಲಿರುವುದು ಗಮನಾರ್ಹ.

ಸಂಸ್ಕಾರವನ್ನು ಸ್ವಭಾವವೆಂದು ಭ್ರಮಿಸುವುದು ಚಹದ ಚರಿತ್ರೆಯಲ್ಲಿ ಹೊಸದಲ್ಲ. ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞ ಲಿನೇಯಸನು 1762ರಲ್ಲಿ ‘ತೇಯಾ ಬೊಹಿಯಾ’, ‘ತೇಯಾ ವಿರಿಡಿಸ್’ ಎಂದು ಎರಡು ಸಸ್ಯಗಳನ್ನು ಎಣಿಸಿದನು. ಮೊದಲನೆಯದರಿಂದ ಕರಿಯ ಚಹವೂ ಎರಡನೆಯದರಿಂದ ಹಸಿರು ಚಹವೂ ಆಗುವುವೆಂಬ ನಂಬಿಕೆ ಬಹುಕಾಲ ಉಳಿಯಿತು. ರಾಬರ್ಟ್ ಫಾರ್ಚೂನನು ಚೀನಾದಲ್ಲಿ ಸಂಚರಿಸಿ, ಒಂದೇ ಗಿಡದ ಎಲೆಯಿಂದ ಎರಡನ್ನೂ ಮಾಡಬಹುದೆಂದು 1847ರಲ್ಲಿ ಪ್ರಕಟಿಸಿದನು. ಮುಂದೆ 1849ರಲ್ಲಿ ಅವನು ಚೀನೀಯ ವೇಷದಲ್ಲಿ ವೂಯಿ ಪರ್ವತಕ್ಕೇ ಹೋದನು. ಭಾರತದ ಹಿಮಾಲಯ ಪ್ರಾಂತದ ತೋಟಗಳಿಗಾಗಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಗಿಡಬೀಜಗಳನ್ನು ಸಂಗ್ರಹಿಸುವುದು ಆ ಯಾತ್ರೆಯ ಉದ್ದೇಶ. ಎರಡು ಚಹಗಳಿಗೂ ಗಿಡ ಒಂದೇ. ಬಣ್ಣದ ಭೇದ ಕ್ರಿಯೆಯಿಂದ ಬಂದುದು. ಕಿತ್ತ ಎಲೆಯನ್ನು ಬಾಡಿಸಿ, ಹೊಸೆದು, ಅದರ ರಸವು ಗಾಳಿಯೊಡನೆ ಕೂಡಿ ಕೆಂಪಾಗಲು ಬಿಟ್ಟು, ಬಳಿಕ ಒಣಗಿಸಿದರೆ ಕರಿಯ ಚಹ. ಚೀನೀಯರು ಕಷಾಯದ ಬಣ್ಣವನ್ನು ನೋಡಿ ಇದನ್ನು ಕೆಂಪು ಚಹವೆಂದರು. ಐರೋಪ್ಯರು ಒಣಗಿದ ಎಲೆಯನ್ನು ನೋಡಿ ಕರಿಯದೆಂದರು.

ಹೊಗೆಯ ಮೂಲವನ್ನು ಕುರಿತು ಒಂದು ಐತಿಹ್ಯವಿದೆ. ಮಿಂಗ್ ವಂಶವು ಅಳಿದ 1644ರ ಆಸುಪಾಸಿನ ಕ್ಷೋಭೆಯಲ್ಲಿ ಸೈನಿಕರು ತೊಂಗ್‌ಮು ಗ್ರಾಮದ ಚಹದ ಮನೆಯಲ್ಲಿ ಬೀಡುಬಿಟ್ಟರೆಂದೂ, ಕಿತ್ತಿಟ್ಟ ಎಲೆ ಆ ವಿಳಂಬದಲ್ಲಿ ಕೆಂಪಾಯಿತೆಂದೂ, ರೈತರು ಅದನ್ನು ಉಳಿಸಿಕೊಳ್ಳಲು ಪೈನ್ ಸೌದೆಯ ಬೆಂಕಿಯಲ್ಲಿ ಅವಸರದಿಂದ ಒಣಗಿಸಿದರೆಂದೂ ಬಹುಪ್ರಚಾರದ ಪಾಠ. 1610ರಲ್ಲಿ ಡಚ್ಚರು ಯೂರೋಪಿಗೆ ಒಯ್ದ ಮೊದಲ ಚಹವೂ ಇದೇ ಎಂದು ಹೇಳುವವರುಂಟು. ಈ ಎರಡು ಮಾತುಗಳೂ ಕೂಡಿ ನಿಲ್ಲಲಾರವು. ಇನ್ನೂ ಹುಟ್ಟದ ಚಹವು ಮೂವತ್ತು ವರ್ಷ ಮೊದಲೇ ಹಡಗನ್ನೇರುವುದು ಹೇಗೆ? ಐತಿಹ್ಯದ ಕಾಲನಿರ್ದೇಶ ಸಡಿಲವಾದರೂ ಅದರ ಒಂದು ಅಂಶ ಮಾತ್ರ ಗ್ರಾಹ್ಯ: ಹೊಗೆಯು ರುಚಿಗಾಗಿ ಬಯಸಿ ತಂದುದಲ್ಲ, ಒಣಗಿಸುವ ಅಗತ್ಯದ ಜೊತೆಗೆ ಬಂದುದು.

ಆ ಪ್ರದೇಶದ ಸ್ಥಿತಿಯೂ ಇದನ್ನೇ ಸಮರ್ಥಿಸುವುದು. ತೊಂಗ್‌ಮು ಸುತ್ತಿನ ತೋಟಗಳು ಎತ್ತರದಲ್ಲಿರುವುವು. ವಸಂತದ ಕೊಯ್ಲಿನ ಕಾಲದಲ್ಲಿ ಅಲ್ಲಿ ಮಳೆ, ಮಂಜು, ಚಳಿ. ಬಿಸಿಲಿನಲ್ಲಿ ಎಲೆ ಬಾಡಿಸುವಂತಿಲ್ಲ. ಆದುದರಿಂದ ಮರದ ಅಂತಸ್ತಿನ ಮನೆಗಳನ್ನು ಕಟ್ಟಿ, ಕೆಳಗೆ ಬೆಂಕಿಯಿಟ್ಟು, ಮೇಲಿನ ಅಟ್ಟಗಳಲ್ಲಿ ಎಲೆಯನ್ನು ಹರಡುವ ಪದ್ಧತಿ ಬೆಳೆಯಿತು. ಸುತ್ತಲೂ ಸಿಕ್ಕುತ್ತಿದ್ದ ಸೌದೆ ರಾಳವುಳ್ಳ ಪೈನ್. ಬಾಡಿಸುವಾಗಲೂ ಕೊನೆಗೆ ಒಣಗಿಸುವಾಗಲೂ ಅದರ ಹೊಗೆ ಎಲೆಗೆ ಹತ್ತಿತು. ಇದೇ ಇಲ್ಲಿನ ಆರ್ದ್ರೇಂಧನ.

ಇಲ್ಲಿ ಪೂರ್ವಪಕ್ಷವನ್ನು ಅಲ್ಲಗಳೆಯುವಂತಿಲ್ಲ. ಹಲವು ತಲೆಮಾರುಗಳು ಯಾವ ಗುಣದಿಂದ ಒಂದು ವಸ್ತುವನ್ನು ಗುರುತಿಸಿದುವೋ ಆ ಗುಣವನ್ನು ತೆಗೆದರೆ ವಸ್ತುವೇ ಬೇರೆಯಾಗುವುದೆಂಬ ವಾದಕ್ಕೆ ಬಲವಿದೆ. ಆದರೆ ವ್ಯಭಿಚಾರವು ಎರಡು ಕಡೆಯಿಂದಲೂ ಕಾಣುವುದು. ಹೊರಬೆಟ್ಟದ ಸಾಧಾರಣ ಎಲೆಗೆ ಹೊಗೆಯನ್ನು ಧಾರಾಳವಾಗಿ ಕೊಟ್ಟು ಲಾಪ್ಸಾಂಗ್ ಎಂದು ಮಾರುವುದುಂಟು. ಅಲ್ಲಿ ಹೊಗೆಯಿದೆ, ಬೆಟ್ಟವಿಲ್ಲ. ತೊಂಗ್‌ಮು ಗ್ರಾಮದಲ್ಲಿ 2005ರಲ್ಲಿ ಮೊಗ್ಗುಗಳನ್ನಷ್ಟೇ ಆಯ್ದು ‘ಜಿನ್ ಜುನ್ ಮೇ’ ಎಂಬ ಹೊಗೆಯಿಲ್ಲದ ಕರಿಯ ಚಹವನ್ನು ಮಾಡಿದರು. ಅಲ್ಲಿ ಬೆಟ್ಟವಿದೆ, ಹೊಗೆಯಿಲ್ಲ. ಅದರ ಖ್ಯಾತಿಯ ಬಳಿಕ ಧೂಮರಹಿತ ಶಿಯಾವೊಝೊಂಗಿಗೂ ಚೀನಾದಲ್ಲಿ ಮನ್ನಣೆ ಹೆಚ್ಚಿತು. ಆದುದರಿಂದ ಹೊಗೆಯು ಉಪಾಧಿಮೂಲವಾದುದೆಂದೂ ದೇಶವೂ ತಳಿಯೂ ಸ್ವಭಾವವೆಂದೂ ನಿರ್ಣಯಿಸುವುದೇ ಯುಕ್ತ.

ರುಚಿಯ ಪ್ರಮಾಣವೂ ಇದಕ್ಕೆ ಅನುಕೂಲ. ಹೊಗೆ ಹಾಕಿದ ಉತ್ತಮ ಚಹದಲ್ಲಿ ಒಣಗಿದ ಲೊಂಗನ್ ಹಣ್ಣಿನ ಸವಿಯುಂಟೆಂದು ಚೀನೀಯರು ಹೇಳುವರು. ಲೊಂಗನ್ ಲಿಚಿಯ ವರ್ಗದ್ದು. ಹೆಸರಿನ ಅರ್ಥ ನಾಗನೇತ್ರ. ಧೂಮರಹಿತ ಚಹದಲ್ಲಿ ಈ ಹಣ್ಣಿನ ಸವಿಯೇ ಮರೆಯಿಲ್ಲದೆ ಮುಂದೆ ಬರುವುದು. ಅದರೊಡನೆ ಜೇನು, ಸುಟ್ಟ ಗೆಣಸು, ಮೊಳಕೆಯ ಧಾನ್ಯಗಳನ್ನು ಹೋಲುವ ಪರಿಮಳವೂ ಇರುವುದು. ಕಷಾಯ ಹೊಂಬಣ್ಣ ಬೆರೆತ ಕೆಂಪು, ಒಗರು ಅಲ್ಪ, ಕುಡಿದ ಮೇಲೆ ಗಂಟಲಲ್ಲಿ ಸಿಹಿ ತುಸು ಹೊತ್ತು ನಿಲ್ಲುವುದು.

ಇದನ್ನು ಸಿದ್ಧಮಾಡುವ ಕ್ರಮವನ್ನು ಆಯುರ್ವೇದದ ಪರಿಭಾಷೆಯಲ್ಲಿ ಚೆನ್ನಾಗಿ ತಿಳಿಯಬಹುದು. ಚರಕಸಂಹಿತೆಯು ಸ್ವರಸ, ಕಲ್ಕ, ಶೃತ, ಶೀತ, ಫಾಂಟ ಎಂದು ಐದು ಕಷಾಯಕಲ್ಪನೆಗಳನ್ನು ಎಣಿಸುವುದು. ಪುಡಿಯನ್ನು ನೀರು ಹಾಲುಗಳಲ್ಲಿ ಕುದಿಸುವ ಭಾರತೀಯ ಗೃಹಗಳ ಚಹವು ಶೃತ. ವೂಯಿ ಚಹವಾದರೋ ಫಾಂಟ. ಅಖಂಡವಾದ ಈ ಎಲೆಯನ್ನು ಕುದಿಸಿದರೆ ಒಗರು ಮೇಲೆದ್ದು ಹಣ್ಣಿನ ಸವಿ ಅಡಗುವುದು. ಮುಚ್ಚಳದ ಸಣ್ಣ ಬಟ್ಟಲಿನಲ್ಲಿ 100 ಮಿಲಿಲೀಟರಿಗೆ 4 ಗ್ರಾಂ ಎಲೆಯಿಟ್ಟು, ಕುದಿದು ತುಸು ಆರಿದ, 90ರಿಂದ 95 ಡಿಗ್ರಿ ಉಷ್ಣದ ನೀರನ್ನು ಹೊಯ್ದು, 10 ಅಥವಾ 15 ಸೆಕೆಂಡುಗಳಲ್ಲಿ ಬಸಿಯಬೇಕು. ಪ್ರತಿ ಸಲವೂ ಕಾಲವನ್ನು ಸ್ವಲ್ಪ ಹೆಚ್ಚಿಸುತ್ತ ಅದೇ ಎಲೆಯಿಂದ ಐದಾರು ಸಲ ರಸವನ್ನು ಪಡೆಯಬಹುದು. ದೊಡ್ಡ ಪಾತ್ರೆಯಾದರೆ 250 ಮಿಲಿಲೀಟರಿಗೆ 3 ಗ್ರಾಂ, ಮೂರು ನಿಮಿಷ. ಹಾಲು ಸಕ್ಕರೆಗಳು ಬೇಡ. ಎಂಟನೆಯ ಶತಮಾನದಲ್ಲಿ ಚಹಶಾಸ್ತ್ರವನ್ನು ಬರೆದ ಲೂ ಯೂ ಬೆಟ್ಟದ ನೀರನ್ನು ಉತ್ತಮ, ನದಿಯದನ್ನು ಮಧ್ಯಮ, ಬಾವಿಯದನ್ನು ಅಧಮವೆಂದನು. ಅವನ ಕಾಲದಲ್ಲಿ ಚಹವನ್ನು ಕುದಿಸುತ್ತಿದ್ದರೂ ಮೃದುಜಲದ ಈ ವಿವೇಕ ಇಂದಿಗೂ ಸಲ್ಲುವುದು.

ಈ ನಿರ್ಣಯದಿಂದ ಹೊಗೆಯ ಚಹಕ್ಕೆ ಲಾಘವವೇನೂ ಇಲ್ಲ. ಸಂಸ್ಕಾರವೂ ಒಂದು ವಿದ್ಯೆಯೇ. ಅಂತಸ್ತಿನ ಆ ಮನೆಗಳಲ್ಲಿ ಬೆಂಕಿಯ ಹದವರಿತು ರಾತ್ರಿಗಳನ್ನು ಕಳೆದವರ ಜ್ಞಾನ ಅಳಿದರೆ ಅದನ್ನು ಗ್ರಂಥದಿಂದ ಮರಳಿ ಪಡೆಯಲಾಗದು. ಸೌದೆಯ ಹೊಗೆಯಿಂದ ಬರಬಹುದಾದ ಆಂಥ್ರಾಕ್ವಿನೋನ್ ಎಂಬ ದ್ರವ್ಯಕ್ಕೆ ಐರೋಪ್ಯ ಒಕ್ಕೂಟವು ಚಹದ ಕಿಲೋಗ್ರಾಮಿಗೆ 0.02 ಮಿಲಿಗ್ರಾಂ ಎಂಬ ಮಿತಿಯನ್ನು ವಿಧಿಸಿರುವುದರಿಂದ ಆ ವಿದ್ಯೆಗೆ ಸಂಕಟವೂ ಒದಗಿದೆ. ಹೊಗೆಯೇ ಈ ಚಹವೆಂದು ನಂಬಿದವರಿಗೆ ಆ ಹೊಗೆಯೊಡನೆ ಎಲ್ಲವೂ ಹೋದಂತೆ ತೋರಬಹುದು. ಬೆಟ್ಟವನ್ನೂ ಗಿಡವನ್ನೂ ಅರಿತವರಿಗೆ ಹಾಗೆ ತೋರದು. ಹೊಗೆ ಆರಿದ ಮೇಲೂ ಬಟ್ಟಲಿನಲ್ಲಿ ಪರ್ವತವು ಉಳಿದಿರುವುದು.