ಕೇರಿಯ ಹೆಸರು ಕೂಗಿದ ಹಾಡು

ನಾವು ಓದಿದ ಚರಿತ್ರೆಯ ಪುಸ್ತಕಗಳಲ್ಲಿ ಅರಮನೆಗಳ ಹೆಸರಿದ್ದವು, ಕೇರಿಗಳ ಹೆಸರಿರಲಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಕಪ್ಪು ಜನ ತಮ್ಮ ಕೇರಿಗಳನ್ನು ಹಾಡಿನಲ್ಲೇ ದಾಖಲು ಮಾಡಿದರು. ಆ ಹಾಡಿಗೆ ಬೌನ್ಸ್ ಅಂತಾರೆ.

ಅದು ಗುಲಾಮರನ್ನು ಹರಾಜು ಹಾಕಿದ ಊರು. ಭಾನುವಾರ ಕಾಂಗೋ ಚೌಕದಲ್ಲಷ್ಟೇ ಅವರಿಗೆ ಕುಣಿಯಲು ಅಪ್ಪಣೆ. ಅವರ ಮರಿಮಕ್ಕಳ ಪಾಲಿಗೆ ಬಂದದ್ದು ಮ್ಯಾಗ್ನೋಲಿಯಾ, ಕ್ಯಾಲಿಯೋಪ್, ಮೆಲ್ಪೊಮಿನಿ ಎಂಬ ಸರ್ಕಾರಿ ವಸತಿಗಳು.

1991ರಲ್ಲಿ ಎಂ.ಸಿ. ಟಿ. ಟಕರ್ ಮತ್ತು ಡಿ.ಜೆ. ಇರ್ವ್ ಹೊಸ ದನಿ ತೆಗೆದರು. ತಾಳ ಎರವಲು, ನ್ಯೂಯಾರ್ಕಿನ ಶೋಬಾಯ್ಸ್ ತಂಡದ 1986ರ 'ಡ್ರ್ಯಾಗ್ ರ್ಯಾಪ್'ನದು. ಕ್ಲಬ್ಬಿನಲ್ಲಿ, ಬೀದಿಯಲ್ಲಿ ಹಾಡೋನು ಕೇರಿಯ ಹೆಸರು ಕೂಗಿದರೆ ಕುಣಿಯೋರು ಓಗೊಡುತ್ತಿದ್ದರು. ಹಾಡೋರು ಬೇರೆ, ಕೇಳೋರು ಬೇರೆ ಅಂತಿರಲಿಲ್ಲ. ಮ್ಯಾಗ್ನೋಲಿಯಾದ ಜುವೆನೈಲ್‌ನ 1998ರ ಆಲ್ಬಂ ಲಕ್ಷಗಟ್ಟಲೆ ಮಾರಾಟವಾಯಿತು. ಮೆಲ್ಪೊಮಿನಿಯ ಲಿಂಗಾಂತರಿ ಹಾಡುಗಾರ್ತಿ ಕೇಟಿ ರೆಡ್ 1999ರಲ್ಲಿ ತನ್ನ ಕೇರಿಯ ಹೆಸರನ್ನೇ ಆಲ್ಬಮ್ಮಿಗೆ ಇಟ್ಟಳು.

ಇದು ಬರೀ ಸೊಂಟ ಕುಣಿಸೋ ಹಾಡು ಅನ್ನೋರಿದ್ದಾರೆ. ಅವರಿಗೆ ನಾವು ಮುಂದಿನ ಕತೆ ಹೇಳುತ್ತೇವೆ.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತಕ್ಕೆ ಒಡ್ಡುಗಳು ಒಡೆದು, ನಗರದ ನೂರಕ್ಕೆ 80 ಭಾಗ ಮುಳುಗಿತು. ಜನ ಹ್ಯೂಸ್ಟನ್, ಅಟ್ಲಾಂಟಾಗಳಿಗೆ ಚೆದುರಿಹೋದರು. 2007ರ ಡಿಸೆಂಬರ್ 20ರಂದು ನಗರಸಭೆ ಸುಮಾರು 4,500 ಸರ್ಕಾರಿ ಮನೆಗಳನ್ನು ಕೆಡವಲು ಒಮ್ಮತದಿಂದ ಒಪ್ಪಿತು. ಅದರಲ್ಲಿ ಮ್ಯಾಗ್ನೋಲಿಯಾ, ಕ್ಯಾಲಿಯೋಪ್ ಕೂಡ ಇದ್ದವು. ಪ್ರತಿಭಟಿಸಿದವರ ಕಣ್ಣಿಗೆ ಪೊಲೀಸರು ಖಾರದ ದ್ರಾವಣ ಎರಚಿದರು.

ನೀರು ಇಳಿದ ಮೇಲೆ ವಾಪಸು ಬಂದೋರಿಗೆ ಮನೆ ಇರಲಿಲ್ಲ. ಆದರೆ ಹಳೆಯ ಹಾಡು ಹಾಕಿದಾಗ ಕೆಡವಿದ ಕೇರಿಯ ಹೆಸರು ಕೇಳುತ್ತದೆ, ಯಾರೋ ಓಗೊಡುತ್ತಾರೆ. ನಗರಸಭೆಯ ಕಡತದಲ್ಲಿ ಅದು ತೆರವಾದ ಜಾಗ. ಹಾಡಿನಲ್ಲಿ ಅಲ್ಲಿ ಇನ್ನೂ ಜನ ಇದ್ದಾರೆ.