ಪುಕ್ಕಟೆ ಬಿಸಿಯ ಲೆಕ್ಕ

2022ರ ಫೆಬ್ರವರಿಯಲ್ಲಿ ಟೆಸ್ಲಾ ಕಂಪನಿ ಅಮೆರಿಕದಲ್ಲಿ 26,681 ಕಾರುಗಳನ್ನು ‘ಹಿಂದಕ್ಕೆ ಕರೆಯಿತು’. ಹಿಂದಕ್ಕೆ ಕರೆದದ್ದು ಕಾಗದದ ಮೇಲೆ ಮಾತ್ರ, ಒಂದು ಕಾರೂ ಗ್ಯಾರೇಜಿಗೆ ಬರಬೇಕಾಗಿರಲಿಲ್ಲ. ನಮ್ಮ ಫೋನುಗಳಿಗೆ ಬರುವ ಹಾಗೆ ಅವಕ್ಕೂ ಹೊಸ ಸಾಫ್ಟ್‌ವೇರ್ ಬಂತು. ಆಗಿದ್ದ ತೊಂದರೆ ಇಷ್ಟು: ಸಾಫ್ಟ್‌ವೇರಿನ ತಪ್ಪಿನಿಂದ ಹೀಟ್ ಪಂಪಿನ ಒಂದು ವಾಲ್ವ್ ತೆರೆಯಬಾರದ ಹೊತ್ತಿನಲ್ಲಿ ತೆರೆದುಕೊಳ್ಳುವ ಸಾಧ್ಯತೆಯಿತ್ತು. ಹಾಗಾದರೆ ಪಂಪಿನಲ್ಲಿ ಸುತ್ತಬೇಕಾದ ಶೀತಕ ಒಂದೇ ಕಡೆ ಸಿಕ್ಕಿಹಾಕಿಕೊಂಡು ಬಿಸಿಗಾಳಿ ಸಾಲದಾಗುತ್ತಿತ್ತು, ಮುಂಗಾಜಿನ ಹಿಮ ಕರಗುತ್ತಿರಲಿಲ್ಲ. ಅಮೆರಿಕದ ವಾಹನ ಸುರಕ್ಷತಾ ನಿಯಮಗಳಲ್ಲಿ 103ನೆಯದು 1968ರಿಂದ ಜಾರಿಯಲ್ಲಿದೆ. ಮುಂಗಾಜಿನ ಹಿಮವನ್ನೂ ಹಬೆಯನ್ನೂ ಕಾರು ತಾನೇ ತೆಗೆಯಬೇಕು ಎನ್ನುವುದು ಅದು. ಒಳಗೆ ಕೂತವರ ಕೈಕಾಲು ಮರಗಟ್ಟಿದರೆ ಆ ನಿಯಮಕ್ಕೆ ಚಿಂತೆಯಿಲ್ಲ, ಓಡಿಸುವವರಿಗೆ ರಸ್ತೆ ಕಾಣಬೇಕು, ಅಷ್ಟೆ.

ಕಾರು ಹುಟ್ಟಿ ನೂರಮೂವತ್ತು ವರ್ಷಗಳಾದ ಮೇಲೆ ಅದರೊಳಗೆ ಬೆಚ್ಚಗೆ ಕೂರುವುದು ಮತ್ತೆ ಸಮಸ್ಯೆಯಾದದ್ದು ಹೇಗೆ? ತಂತ್ರಜ್ಞಾನದ ಚರಿತ್ರೆ ಓದುವವರಿಗೆ ಇಂಥ ಹಿನ್ನಡೆಗಳು ಗೆಲುವಿನ ಕತೆಗಳಿಗಿಂತ ಹೆಚ್ಚು ಕಲಿಸುತ್ತವೆ. ಈ ಹಿನ್ನಡೆಯ ಬೇರು ವಿದ್ಯುತ್ ಕಾರಿನಲ್ಲಿಲ್ಲ, ಪೆಟ್ರೋಲ್ ಕಾರಿನಲ್ಲಿದೆ ಎನ್ನುವುದು ನನ್ನ ಅನಿಸಿಕೆ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಬೀದಿಗಳಲ್ಲಿ ಉಗಿ, ಪೆಟ್ರೋಲ್, ವಿದ್ಯುತ್ ಮೂರೂ ಬಗೆಯ ಕಾರುಗಳು ಓಡಾಡುತ್ತಿದ್ದವು. ಬಹಳಷ್ಟು ಪೆಟ್ರೋಲ್ ಕಾರುಗಳು ತೆರೆದ ಗಾಡಿಗಳು, ಚಳಿಗಾಲದಲ್ಲಿ ಕಂಬಳಿ ಹೊದ್ದು, ಕಾಲಡಿಯಲ್ಲಿ ಕೆಂಡದ ಪೆಟ್ಟಿಗೆ ಇಟ್ಟುಕೊಂಡು ಓಡಿಸಬೇಕಿತ್ತು. ಪಟ್ಟಣದ ಸ್ಥಿತಿವಂತರ ಮನೆಯ ಹೆಂಗಸರಿಗೆಂದು ಮಾರುತ್ತಿದ್ದ ವಿದ್ಯುತ್ ಕಾರುಗಳಿಗೆ ಮಾತ್ರ ಗಾಜಿನ ಕಿಟಕಿಯ ಮುಚ್ಚಿದ ಕೋಣೆ. ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ಓಡಿಸುತ್ತಿದ್ದ 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಅಂಥದ್ದು. ಜಗತ್ತಿಗೆಲ್ಲ ಪೆಟ್ರೋಲ್ ಕಾರು ಮಾರಿದವನ ಮನೆಯಲ್ಲೇ ವಿದ್ಯುತ್ ಕಾರಿತ್ತು ಎಂಬ ಈ ವಿಷಯವನ್ನು ಎಷ್ಟು ಸಲ ಓದಿದರೂ ನನಗೆ ನಗು ಬರುತ್ತದೆ.

ಅದೇ ಕಾಲದ ಟ್ರಾಮುಗಳಲ್ಲಿ ಆಸನದ ಕೆಳಗೆ ವಿದ್ಯುತ್ ಹೀಟರುಗಳು ಬಂದಿದ್ದವು. ಟ್ರಾಮಿನ ತಲೆಯ ಮೇಲೆ ತಂತಿ, ತಂತಿಯ ಆಚೆ ತುದಿಯಲ್ಲಿ ವಿದ್ಯುತ್ ಸ್ಥಾವರ, ಹಾಗಾಗಿ ಎಷ್ಟು ಉರಿಸಿದರೂ ಗಾಡಿ ನಡುದಾರಿಯಲ್ಲಿ ನಿಲ್ಲುತ್ತಿರಲಿಲ್ಲ. ಕಾರು ಮಾತ್ರ ತನ್ನ ವಿದ್ಯುತ್ತನ್ನು ಬುತ್ತಿ ಕಟ್ಟಿಕೊಂಡು ಹೊರಡಬೇಕು. ಚಳಿಯಲ್ಲಿ ಆ ಬುತ್ತಿಯೇ ಕಡಿಮೆಯಾಗುತ್ತದೆ, ಏಕೆಂದರೆ ಸೀಸದ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಉಳಿದದ್ದರಲ್ಲಿ ಹೀಟರಿಗೂ ಪಾಲು ಕೊಡುವುದು ದುಬಾರಿ.

ಪೆಟ್ರೋಲ್ ಎಂಜಿನ್ನಿಗೆ ಈ ಕಷ್ಟವಿಲ್ಲ, ಏಕೆಂದರೆ ಅದು ಮಹಾ ದುಂದುಗಾರ. ಸುಟ್ಟ ಇಂಧನದಲ್ಲಿ ಸುಮಾರು ಮೂರನೆಯ ಒಂದು ಪಾಲಿನಷ್ಟೇ ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ, ಉಳಿದದ್ದು ಬಿಸಿಯಾಗಿ ಹೊರಗೆ ಹೋಗುತ್ತದೆ. ಆ ಬಿಸಿಯನ್ನು ಕಳೆಯುವುದಕ್ಕೇ ರೇಡಿಯೇಟರ್ ಇರುವುದು. ಫೋರ್ಡ್‌ನ ಮಾಡೆಲ್ ಟಿ ಕಾರಖಾನೆಯಿಂದ ಹೊರಬರುವಾಗ ಅದರಲ್ಲಿ ಹೀಟರೇ ಇರಲಿಲ್ಲ. ಹೊಗೆಕೊಳವೆಯ ಸುತ್ತಲಿನ ಬಿಸಿಗಾಳಿಯನ್ನು ಒಳಗೆ ಬಿಡುವ ಉಪಾಯಗಳು ಮೊದಲು ಬಂದವು. 1930ರ ದಶಕದ ಹೊತ್ತಿಗೆ ರೇಡಿಯೇಟರಿನ ಬಿಸಿನೀರನ್ನೇ ಒಂದು ಪುಟ್ಟ ಸುರುಳಿಯಲ್ಲಿ ಹಾಯಿಸಿ ಫ್ಯಾನು ಬೀಸುವ ವಿಧಾನ ಹರಡಿತು. ಇವತ್ತಿಗೂ ಅದೇ ನಡೆದಿದೆ. ಅಂದರೆ ಕಾರು ತಯಾರಕರು ಬಿಸಿಯನ್ನು ಹುಟ್ಟಿಸಿದವರಲ್ಲ, ಬಿಸಾಡುತ್ತಿದ್ದುದನ್ನು ಎತ್ತಿಕೊಂಡವರು. ನೀರಿನ ಬದಲು ಗಾಳಿಯಿಂದ ತಣಿಯುವ ಎಂಜಿನ್ ಇದ್ದ ಕಾರುಗಳಲ್ಲಿ ಈ ಎತ್ತಿಕೊಳ್ಳುವಿಕೆಯೂ ಸುಲಭವಿರಲಿಲ್ಲ. 1960ರ ಷೆವ್ರೊಲೆ ಕಾರ್ವೇರ್‌ನಲ್ಲಿ ಒಳಗೆ ಬೆಚ್ಚಗಿಡಲು ಪೆಟ್ರೋಲನ್ನೇ ಬೇರೆಯಾಗಿ ಸುಡುವ ಹೀಟರ್ ಇತ್ತು.

ವಿದ್ಯುತ್ ಮೋಟರು ಇದಕ್ಕೆ ತದ್ವಿರುದ್ಧ. ತಿಂದದ್ದರಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಕೆಲಸ ಮಾಡಿ ತೋರಿಸುತ್ತದೆ, ಎತ್ತಿಕೊಳ್ಳಲು ಹೆಚ್ಚೇನೂ ಉಳಿಸುವುದಿಲ್ಲ. 1990ರ ದಶಕದಲ್ಲಿ ವಿದ್ಯುತ್ ಕಾರು ಮರಳಿ ಬಂದಾಗ ಎಂಜಿನಿಯರುಗಳಿಗೆ ಇದು ಗೊತ್ತಿತ್ತು. 1996ರ ಜನರಲ್ ಮೋಟರ್ಸ್ ಇವಿ1ರಲ್ಲಿ ಹೀಟ್ ಪಂಪ್ ಇತ್ತು. ಫ್ರಿಜ್ಜಿನ ಹಿಂಭಾಗ ಬಿಸಿಯಾಗಿರುವುದನ್ನು ಮುಟ್ಟಿ ನೋಡಿದವರಿಗೆ ಅದನ್ನು ವಿವರಿಸಬೇಕಿಲ್ಲ: ಹೊರಗಿನ ಗಾಳಿಯಲ್ಲಿ ಇದ್ದಷ್ಟು ಶಾಖವನ್ನು ಹೀರಿ ಒಳಗೆ ತಂದು ಸುರಿಯುವ ಯಂತ್ರ. ಶಾಖವನ್ನು ಹುಟ್ಟಿಸುವುದಕ್ಕಿಂತ ಸಾಗಿಸುವುದು ಅಗ್ಗ. ಆದರೆ ಇವಿ1 ಮೊದಲು ಬಾಡಿಗೆಗೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾ ಮತ್ತು ಅರಿಜೋನಾದಲ್ಲಿ, ಚಳಿ ಅದನ್ನು ಗಟ್ಟಿಯಾಗಿ ಪರೀಕ್ಷಿಸಲೇ ಇಲ್ಲ. ಅದರ ಸೋದರನಂತಿದ್ದ ಎಸ್-10 ವಿದ್ಯುತ್ ಪಿಕಪ್ಪಿನಲ್ಲಿ ಹೀಟ್ ಪಂಪಿನ ಜೊತೆಗೆ, ಚಳಿ ಹೆಚ್ಚಾದಾಗ ಉರಿಯಲೆಂದು ಡೀಸೆಲ್ ಹೀಟರನ್ನೂ ಕೂರಿಸಿದರು. ಸ್ವೀಡನ್ನಿನ ವೋಲ್ವೊ 2011ರಲ್ಲಿ ತನ್ನ ಸಿ30 ಕಾರನ್ನು ವಿದ್ಯುತ್ತಿಗೆ ಬದಲಿಸಿದಾಗ ಬಯೋಎಥನಾಲ್ ಉರಿಸುವ ಹೀಟರ್ ಇಟ್ಟಿತು. ಹೊಗೆಯಿಲ್ಲದ ಕಾರಿನ ಹೊಟ್ಟೆಯಲ್ಲಿ ಒಂದು ಅಗ್ಗಿಷ್ಟಿಕೆ! ನಗಬಹುದು, ಆದರೆ ಚಳಿ ಅಂದರೇನೆಂದು ತಿಳಿದವರು ಮಾಡಿದ ಕೆಲಸ ಅದು.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಪುಟವಿದೆ. ಚೇತನ್ ಮೈನಿ ಅವರ ರೇವಾ 2001ರಲ್ಲಿ ಇಲ್ಲಿ ರಸ್ತೆಗಿಳಿಯಿತು. ಎರಡು ಬಾಗಿಲಿನ ಪುಟ್ಟ ಕಾರು, ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು, ಒಮ್ಮೆ ಚಾರ್ಜ್ ಮಾಡಿದರೆ ಎಂಬತ್ತು ಕಿಲೋಮೀಟರ್ ಎಂಬ ಭರವಸೆ. ಕೆಲವೇ ವರ್ಷಗಳಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿಗೆ ಹೋಯಿತು, ನಾರ್ವೆಗೂ ಹೋಯಿತು. ಡಿಸೆಂಬರಿನಲ್ಲೂ ಸ್ವೆಟರೊಂದು ಸಾಕಾಗುವ ಊರಿನ ಕಾರು ಓಸ್ಲೋದ ಹಿಮದಲ್ಲಿ! ಅದರ ಬ್ಯಾಟರಿಗಳಲ್ಲಿ ಒಟ್ಟು ಇದ್ದದ್ದು ಹತ್ತು ಯೂನಿಟ್ಟಿಗೂ ಕಡಿಮೆ ವಿದ್ಯುತ್ತು, ನಮ್ಮ ಮನೆಯ ಗೀಸರನ್ನು ಐದು ತಾಸು ಹಾಕಿದರೆ ಮುಗಿಯುವಷ್ಟು. ಅದರಲ್ಲೇ ಕಾರೂ ಓಡಬೇಕು, ಗಾಜೂ ತಿಳಿಯಾಗಬೇಕು. ನಾರ್ವೆಯವರು ಕೊಂಡದ್ದಕ್ಕೆ ಕಾರಣ ಬೇರೆಯೇ ಇತ್ತು: ವಿದ್ಯುತ್ ಕಾರಿಗೆ ಅಲ್ಲಿ ತೆರಿಗೆ ವಿನಾಯಿತಿ, ಟೋಲ್ ವಿನಾಯಿತಿ, ಬಸ್ಸುಗಳ ಪಥದಲ್ಲಿ ಓಡಿಸುವ ಅನುಕೂಲ. ನಮ್ಮಲ್ಲಿ ರೇವಾದ ಕತೆ ಹೇಳುವಾಗ ‘ಕಾಲಕ್ಕಿಂತ ಮುಂಚೆ ಬಂದ ಕಾರು’ ಎನ್ನುವುದು ರೂಢಿಯಾಗಿದೆ. ಅದು ಕಾಲದ ಮಾತಾಯಿತು, ಹವಾಮಾನದ ಮಾತನ್ನು ಯಾರೂ ಆಡುವುದಿಲ್ಲ.

2010ರ ಡಿಸೆಂಬರಿನಲ್ಲಿ ಬಂದ ನಿಸಾನ್ ಲೀಫ್ ದೊಡ್ಡ ಸಂಖ್ಯೆಯಲ್ಲಿ ಚಳಿ ದೇಶಗಳ ಸಾಮಾನ್ಯರ ಕೈಸೇರಿದ ವಿದ್ಯುತ್ ಕಾರು. ಮೊದಲ ಲೀಫ್‌ನ ಹೀಟರ್ ಬಕೆಟ್ಟಿನಲ್ಲಿ ಇಳಿಬಿಡುವ ಕಾಯಿಲ್ ಮಾಡುವ ಕೆಲಸವನ್ನೇ ಮಾಡುತ್ತಿತ್ತು: ವಿದ್ಯುತ್ತಿನಿಂದ ದ್ರವ ಕಾಯಿಸು, ಅದರಿಂದ ಗಾಳಿ ಕಾಯಿಸು. ಬ್ಯಾಟರಿಯಲ್ಲಿದ್ದದ್ದು 24 ಯೂನಿಟ್. ತಾಸಿಗೆ ನಾಲ್ಕು ಯೂನಿಟ್ ಹೀಟರಿಗೇ ಹೋದರೆ ಆರನೆಯ ಒಂದು ಪಾಲು ಮುಗಿಯಿತು. ಮೋಟರು ಕಿಲೋಮೀಟರಿನ ಲೆಕ್ಕದಲ್ಲಿ ತಿನ್ನುತ್ತದೆ, ಹೀಟರು ಗಂಟೆಯ ಲೆಕ್ಕದಲ್ಲಿ. ಹಿಮ ಬಿದ್ದು ವಾಹನಗಳು ಸಾಲುಗಟ್ಟಿ ನಿಂತಾಗ ಪೆಟ್ರೋಲ್ ಕಾರಿನವರು ಕೈ ಉಜ್ಜಿಕೊಂಡು ಕೂತಿದ್ದರೆ, ಲೀಫ್‌ನವರು ಹೀಟರ್ ಆರಿಸಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಅಮೆರಿಕದ ವಾಹನ ಸವಾರರ ಸಂಘ ಎಎಎ 2019ರಲ್ಲಿ ಐದು ವಿದ್ಯುತ್ ಕಾರುಗಳನ್ನು ಸೊನ್ನೆಗಿಂತ ಸುಮಾರು ಏಳು ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿ ಓಡಿಸಿ ನೋಡಿತು. ಹೀಟರ್ ಇಲ್ಲದೆ ಓಡುವ ದೂರ ಸರಾಸರಿ ಶೇ. 12ರಷ್ಟು ಇಳಿಯಿತು, ಹೀಟರ್ ಹಾಕಿದಾಗ ಶೇ. 41ರಷ್ಟು. ಬ್ಯಾಟರಿಗೆ ಚಳಿಯಾಗುವುದಕ್ಕಿಂತ ನಮಗೆ ಚಳಿಯಾಗುವುದೇ ದೊಡ್ಡ ಖರ್ಚು.

ಹೀಗಾಗಿ ತಯಾರಕರೆಲ್ಲ ಒಬ್ಬೊಬ್ಬರಾಗಿ ಹೀಟ್ ಪಂಪಿಗೆ ಮರಳಿದರು. ರೆನೋ ಜೋಯಿ, 2013ರ ಲೀಫ್, ಕೊನೆಗೆ 2020ರಲ್ಲಿ ಟೆಸ್ಲಾದ ಮಾಡೆಲ್ ವೈ. ಆದರೆ ಹೀಟ್ ಪಂಪಿಗೆ ತನ್ನದೇ ಮಿತಿಯಿದೆ. ಕಾರುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಆರ್-134ಎ ಎಂಬ ಶೀತಕ, ವಾತಾವರಣದ ಒತ್ತಡದಲ್ಲಿ ಕುದಿಯುವುದು ಸೊನ್ನೆಗಿಂತ 26 ಡಿಗ್ರಿ ಕೆಳಗೆ. ಹೊರಗಿನ ಗಾಳಿಯೇ ಅಷ್ಟು ತಣ್ಣಗಾದರೆ ಶೀತಕ ಕುದಿಯಲು ತಿಣುಕುತ್ತದೆ, ಕುದಿಯದಿದ್ದರೆ ಶಾಖ ಹೀರುವುದಿಲ್ಲ. ಅತಿ ಹೆಚ್ಚು ಬಿಸಿ ಬೇಕಾದ ದಿನವೇ ಅದು ಅತಿ ಕಡಿಮೆ ಕೊಡುತ್ತದೆ. ಈ ಮಿತಿಯನ್ನು ದಾಟಲು ಬ್ಯಾಟರಿ, ಮೋಟರು, ಕಾರಿನ ಒಳಗಾಳಿ ಮೂರರ ನಡುವೆ ಶಾಖವನ್ನು ಅತ್ತಿಂದಿತ್ತ ತಿರುಗಿಸುವ ವಾಲ್ವುಗಳ ಜಾಲ ಬಂತು, ಜಾಲವನ್ನು ಆಳುವ ಸಾಫ್ಟ್‌ವೇರ್ ಬಂತು. ಕಾಯಿಲ್ ಕೆಟ್ಟರೆ ಕೆಟ್ಟಿತು ಎಂದು ಕಣ್ಣಿಗೇ ಗೊತ್ತಾಗುತ್ತಿತ್ತು. ಇಲ್ಲಿ ಭಾಗಗಳೆಲ್ಲ ಸರಿಯಿದ್ದೂ, ಅವುಗಳಿಗೆ ಸಿಕ್ಕ ಆಜ್ಞೆ ತಪ್ಪಾಗಿರಬಹುದು. 2020-21 ಮತ್ತು 2021-22ರ ಚಳಿಗಾಲಗಳಲ್ಲಿ ಕೆನಡಾದಿಂದ, ಉತ್ತರ ಅಮೆರಿಕದ ಚಳಿ ರಾಜ್ಯಗಳಿಂದ ಬಂದ ದೂರುಗಳು ಇಂಥವು: ಓಡುತ್ತಿದ್ದ ಕಾರಿನೊಳಗೆ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ. ಕೆನಡಾದ ಸಾರಿಗೆ ಇಲಾಖೆಯೂ ವಿಚಾರಣೆಗೆ ಇಳಿಯಿತು. ಮಿತವ್ಯಯಕ್ಕೆ ತೆತ್ತ ಬೆಲೆ ಈ ಜಟಿಲತೆ, ಆ ಬೆಲೆ ತೆತ್ತವರು ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಹೆದ್ದಾರಿಯಲ್ಲಿದ್ದವರು.

ಹಾಗೆಂದು ವಿದ್ಯುತ್ ಕಾರು ಚಳಿಗೆ ಸಲ್ಲದು ಎಂದು ತೀರ್ಪು ಕೊಡುವವರ ಸಾಲಿಗೆ ನಾನು ಸೇರುವುದಿಲ್ಲ. 2024ರ ಜನವರಿಯಲ್ಲಿ ಷಿಕಾಗೊದ ಚಾರ್ಜಿಂಗ್ ನಿಲ್ದಾಣಗಳಲ್ಲಿ ಸತ್ತಂತೆ ನಿಂತ ಕಾರುಗಳ ಚಿತ್ರಗಳು ಜಗತ್ತೆಲ್ಲ ಓಡಾಡಿದವು. ಹೆಪ್ಪುಗಟ್ಟುವಷ್ಟು ತಣ್ಣಗಾದ ಬ್ಯಾಟರಿಯನ್ನು ಮೊದಲು ಬೆಚ್ಚಗೆ ಮಾಡದೆ ವೇಗವಾಗಿ ಚಾರ್ಜ್ ಮಾಡಲಾಗದು, ಬೆಚ್ಚಗೆ ಮಾಡಲು ಉಳಿದಿದ್ದ ಚಾರ್ಜೂ ಕೆಲವರ ಬಳಿ ಇರಲಿಲ್ಲ. ಅದರ ಹಿಂದಿನ ವರ್ಷ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 82 ವಿದ್ಯುತ್ತಿನವು. ಅಲ್ಲಿ ಹೆಚ್ಚಿನವರಿಗೆ ಮನೆಯಲ್ಲೇ ಚಾರ್ಜ್ ಮಾಡುವ ಅನುಕೂಲವಿದೆ. ಹೊರಡುವ ಮುನ್ನ, ಗೋಡೆಯ ಪ್ಲಗ್ಗಿನಲ್ಲಿ ಕಾರಿನ್ನೂ ಚುಚ್ಚಿಕೊಂಡಿರುವಾಗಲೇ, ಒಳಗನ್ನೂ ಬ್ಯಾಟರಿಯನ್ನೂ ಕಾಯಿಸಿಕೊಳ್ಳುತ್ತಾರೆ. ಟ್ರಾಮಿನ ತಂತಿಯ ಯುಕ್ತಿಯೇ ಇದು, ಹತ್ತಿಪ್ಪತ್ತು ನಿಮಿಷಗಳ ಮಟ್ಟಿಗೆ. ಕೆನಡಾದ ವಿನಿಪೆಗ್‌ನಂಥ ಊರುಗಳಲ್ಲಿ ಪೆಟ್ರೋಲ್ ಕಾರುಗಳ ಮೂತಿಯಿಂದಲೂ ದಶಕಗಳಿಂದ ಒಂದು ವೈರು ಜೋತಾಡುತ್ತಿದೆ. ರಾತ್ರಿಯಿಡೀ ಅದನ್ನು ಪ್ಲಗ್ಗಿಗೆ ಹಾಕಿ ಎಂಜಿನ್ನನ್ನು ಬೆಚ್ಚಗೆ ಇಟ್ಟರೆ ಮಾತ್ರ ಬೆಳಿಗ್ಗೆ ಅದು ಹೊತ್ತಿಕೊಳ್ಳುತ್ತದೆ.