ಮಾನೌಮಿ ಹಾಸಿಗಿ ಒಗಿಯೂದು

ನವರಾತ್ರಿಗೆ ನಾವು ಮಾನೌಮಿ ಅಂತೀವಿ. ಹೆಸರು ಹಳೇದು. ಹಂಪಿಯೊಳಗ ಮಹಾನವಮಿ ದಿಬ್ಬ ಇನ್ನೂ ಐತಿ. ೧೫೨೦ರ ಸುಮಾರಿಗೆ ಬಂದಿದ್ದ ಪೋರ್ಚುಗೀಸರ ಡೊಮಿಂಗೊ ಪಾಯೆಸ್ ಅಲ್ಲಿಯ ಹಬ್ಬದಾಗ ಆನಿ, ಕುದರಿ, ಕುಸ್ತಿ, ಕುಣಿತ ಎಲ್ಲಾ ನೋಡಿ ಬರದಿಟ್ಟಾನ. ಆದ್ರ ಹಬ್ಬದ ಮುಂಚೆ ಮನ್ಯಾಗಿನ ಹಾಸಿಗಿ ಯಾರು ಒಗದ್ರು ಅನ್ನೂದು ಅರಮನಿ ನೋಡಾಕ ಬಂದವರಿಗೆ ಯಾಕ ಬೇಕು? ಅದನ್ನ ನಾವ ಬರಕೋಬೇಕು.

ನಾ ಹೇಳೂದು ನವಲಗುಂದ, ನರಗುಂದದ ಕಡಿ ಮಾತು. ಎರಿ ಹೊಲದ ಸೀಮಿ. ಮಳಿಗಾಲ ಕಳಿಯೂದ್ರಾಗ ಕೌದಿ ಎಲ್ಲಾ ಮುಗ್ಗಲ ವಾಸನಿ ಹಿಡದಿರತಾವ. ಘಟ ಕೂಡಸೂ ಮುಂದ ಮನ್ಯಾಗ ಒಂದ ಚಿಂದಿ ಸೈತ ಮೈಲಿಗಿ ಇರಬಾರದು ಅಂತಿದ್ರು ನಮ್ಮಜ್ಜಿ. ಅದಕ್ಕ ಮಾಳದ ಅಮಾಸಿ ಮುಂಚೆ, ಮಳಿ ಬಿಡುವು ಕೊಟ್ಟು ಹಳ್ಳದ ನೀರು ತಿಳಿ ಆದ ದಿನ ನೋಡಿ, ಬಂಡಿ ಕಟ್ಟಿ ಬೆಣ್ಣಿಹಳ್ಳಕ್ಕ ಹೋಗೂದು.

ದಿನದ ಅರಿವಿಗೆ ಊರಾಗ ಅಗಸರಿದ್ರು, ಅವರಿಗೆ ಸುಗ್ಗ್ಯಾಗ ಕಾಳಿನ ಆಯ ಕೊಡತಿದ್ರು. ಹನ್ನೆರಡನೇ ಶತಮಾನದಾಗ ಬಸವಣ್ಣನವರ ಜೋಡಿ ಇದ್ದ ಮಡಿವಾಳ ಮಾಚಿದೇವರು ಶರಣರ ಅರಿವಿ ಒಗಕೋತ ವಚನ ಬರದವರು, ಅಂಥಾ ಮರ್ಯಾದಿ ಆ ಕೆಲಸಕ್ಕ. ಆದ್ರ ಮಾನೌಮಿ ಕೌದಿ ಮಾತ್ರ ನಮ್ಮ ಮನ್ಯಾಗ ನಾವ ಒಗೀಬೇಕು, ಅದೂ ಎಲ್ಲಾರೂ ಕೂಡಿ.

ಯಾಕ ಅಂದ್ರ, ಕೌದಿ ಒಬ್ಬರ ಕೈಯಾಗ ಒಗಿಯೂ ವಸ್ತುನ ಅಲ್ಲ. ಹಳೇ ಸೀರಿ, ಧೋತರ ಪದರ ಪದರ ಇಟ್ಟು ಹೊಲದಿದ್ದು, ಒಣಗಿದ್ದಾಗ್ಲೇ ಮೂರ್ನಾಲ್ಕು ಕೇಜಿ. ನೀರು ಕುಡದ ಮ್ಯಾಲೆ ಎತ್ತೂದ ಬ್ಯಾಡ. ಹಿಂಡಾಕ ಎರಡೂ ತುದಿಗೆ ಒಬ್ಬೊಬ್ಬರು ಬೇಕ ಬೇಕು, ಒಬ್ಬರು ಬಲಕ್ಕ ತಿರುವಿದ್ರ ಇನ್ನೊಬ್ಬರು ಎಡಕ್ಕ. ನಮ್ಮಪ್ಪ ಮನ್ಯಾಗ ಉಂಡ ತಾಟು ಎತ್ತಿಟ್ಟಾಂವಲ್ಲ. ಅವತ್ತ ಒಂದ ದಿನ ಧೋತರ ಮ್ಯಾಲೆ ಕಟಗೊಂಡು ಅವ್ವನ ಎದುರು ನಿಂತು ಹಿಂಡತಿದ್ದ. ಅವ್ವ ಬೇಕಂತ ಜೋರ ತಿರುವಿ ಅಪ್ಪನ ಕೈ ಜಾರಸತಿದ್ಲು. ಕಾಕಾ, ಕಕ್ಕಿ ನಗೂದು ಇತ್ಲಾಗಿನ ದಂಡಿಗೆ ಕೇಳತಿತ್ತು.

ಹುಡುಗ್ರಿಗೆ ತುಳಿಯೂ ಕೆಲಸ. ಬಂಡಿ ಮ್ಯಾಲೆ ಕೌದಿ ಹಾಸಿ, ಸವಳು ಸುರುವಿ, ಕೈ ಕೈ ಹಿಡಕೊಂಡು ಕುಣಿಯೂದು. ಸವಳು ಅಂದ್ರ ಹೊಲದ ಮ್ಯಾಲೆ ಬೆಳ್ಳಗ ಉಬ್ಬಿ ಬರೂ ಮಣ್ಣು, ಅದರಾಗ ಸೋಡಾ ಇರತೈತಿ, ಅದಕ್ಕ ಕೊಳಿ ಬಿಡತೈತಿ. ರೇಶ್ಮಿಗೆ ಅಂಟವಾಳಕಾಯಿ. ನಮ್ಮ ದೇಶಕ್ಕ ಸರ್ಫ್ ಬಂದದ್ದು ೧೯೫೯ರಾಗ, ಆದ್ರ ಅದು ಪ್ಯಾಟಿ ಮಂದಿ ಪುಡಿ. ೧೯೬೯ರಾಗ ಅಹಮದಾಬಾದಿನಾಗ ಶುರು ಆದ ನಿರ್ಮಾ ನಮ್ಮ ಮನಿ ಮುಟ್ಟಿದ್ದು ನಾ ಸಾಲಿಗೆ ಹೋಗೂ ಕಾಲಕ್ಕ. ಬುರುಗು ಬಂತಂತ ನಾವು ಕುಣದದ್ದು ಕುಣದದ್ದ!

ಕರಕಿ ಮ್ಯಾಲೆ ಕೌದಿ ಒಣಗಹಾಕಿದ್ರ ಹಳ್ಳದ ದಂಡಿಗೆ ತೇರಿನ ಸಿಂಗಾರ. ಆಡು ತುಳೀಬಾರದಂತ ಕಾಯಕೋತ ನಾವು ಹುಡುಕೂ ಆಟ ಆಡತಿದ್ವಿ. ಇದು ಅಜ್ಜಿ ಇಳಕಲ್ ಸೀರಿ ಸೆರಗು, ಇದು ತೀರಿಕೊಂಡ ದೊಡ್ಡಪ್ಪನ ರುಮಾಲು, ಇದು ನನ್ನ ತೊಟ್ಟಿಲದ ಅರಿವಿ. ನಮ್ಮ ಮನೆತನದ ಚರಿತ್ರಿ ನಾ ಕಲತದ್ದು ಅಲ್ಲೇ. ಮಧ್ಯಾಹ್ನ ಬುತ್ತಿ ಬಿಚ್ಚೂದು: ಖಡಕ್ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಮರುದಿನ ಸುಣ್ಣ, ಕಾರಣಿ. ಸುಣ್ಣ ದೊಡ್ಡವರು ಬಳದ್ರ ಕೆಮ್ಮಣ್ಣಿನ ಗೆರಿ ಎಳಿಯೂದು ಪುಂಡಿನಾರಿನ ಕುಂಚ ಹಿಡದ ಹುಡುಗ್ರು. ಗೆರಿ ಸೊಟ್ಟ ಆದ್ರೂ ಯಾರೂ ಅಳಸತಿದ್ದಿಲ್ಲ.

೧೯೭೦ರ ದಶಕದಾಗ ಸವದತ್ತಿ ಹತ್ರ ನವಿಲುತೀರ್ಥದಾಗ ಮಲಪ್ರಭಾ ಆಣಿಕಟ್ಟು ಆತು. ಕೆನಾಲ್ ಬಂತು. ಹೊಲಕ್ಕ ನೀರು ಸರಿಯಾಗಿ ಮುಟ್ಟೂ ಮೊದಲ ಕರ ಕೇಳಿದ್ರು ಅಂತ ೧೯೮೦ರಾಗ ರೈತರು ಎದ್ರು, ಅದು ಬ್ಯಾರೆ ಕಥಿ. ಅಗಸಿ ಹತ್ರ ಕೆನಾಲ್ ಸಿಕ್ಕಿದ್ದಕ್ಕ ಬಂಡಿ ಕಟ್ಟೂದು ನಿಂತು, ಗಂಡಸರು ಬರೂದೂ ಕಡಿಮಿ ಆತು. ಇನ್ನೊಂದು ನೋಡ್ರಿ, ನೀರು ಹೆಚ್ಚಾಗಿ ಎಷ್ಟೋ ಹೊಲ ಸವಳು ಹಿಡದ್ವು. ಅವ್ವ ಬುಟ್ಟಿ ಹಿಡಕೊಂಡು ಹುಡುಕತಿದ್ದ ಸವಳು ತಾನ ಹೊಲಕ್ಕ ಬಂತು, ಬೆಳಿ ಹೋತು.

ಆಮ್ಯಾಲೆ ನಳ, ಆಮ್ಯಾಲೆ ಮಶೀನು. ನಾ ಹಳ್ಳದ ದಿನಾನ ಛಲೋ ಅನ್ನಂಗಿಲ್ಲ; ಅವ್ವನ ಸೊಂಟ ಹೋಗಿದ್ದು ಆ ಕಲ್ಲಿನ ಮ್ಯಾಲೆನ. ಮಶೀನಿಗೆ ನಾನೂ ಕೈ ಮುಗೀತೀನಿ. ಆದ್ರ ಮಶೀನಿನಾಗ ಕೌದಿ ಹಿಡಸಂಗಿಲ್ಲ. ಹಿಂಗಾಗಿ ಬಚ್ಚಲದಾಗ ಒಬ್ಬಾಕಿನ ಕುಂತು ತಿಕ್ಕೂದು, ಹೊರಗ ಉಳಿದವರು ಟಿವಿ ನೋಡೂದು. ರಗ್ಗು ಬಂದಾವಂತ ಕೌದಿ ಹೋದ್ವು ಅಂತಾರ ಮಂದಿ. ನನಗ ಹಂಗ ಅನಸಂಗಿಲ್ಲ, ವೈನಿ. ಇನ್ನೊಂದು ತುದಿ ಹಿಡಿಯಾಕ ಮನ್ಯಾಗ ಯಾರೂ ಬರದಂಗ ಆದ ಮ್ಯಾಲೆ ಅವು ಅಟ್ಟ ಏರಿದ್ವು.

ನಮ್ಮ ಮನ್ಯಾಗ ಇನ್ನೂ ನಾಕು ಕೌದಿ ಅದಾವ. ಹೋದ ವರ್ಷದಿಂದ ಅಮಾಸಿ ಮುಂಚಿನ ಐತಾರ ಮಾಳಗಿ ಮ್ಯಾಲೆ ಪ್ಲಾಸ್ಟಿಕ್ ಟಬ್ ಇಟ್ಟು ಎಲ್ಲಾರನ್ನೂ ಕರೀತೀನಿ, ಮೊಮ್ಮಕ್ಕಳು ತುಳೀಬೇಕು, ಮಗ, ಅಳಿಯ ಹಿಂಡಬೇಕು. ಅಳಿಯಾಗ ಮೊದಲ ನಾಚಿಕಿ, ಆಮ್ಯಾಲೆ ಮಗಳ ಕೈಯಾಗಿಂದ ಕೌದಿ ಜಾರಸೂದು ತಾನ ಕಲತ. ಸುನೀತಾ ವೈನಿ, ನಿಮ್ಮ ಅಟ್ಟದ ಮ್ಯಾಲಿನವನ್ನೂ ತರ್ರಿ. ಝುಣಕ ನಾ ಮಾಡತೀನಿ, ರೊಟ್ಟಿ ನಿಮ್ಮವು.